ವಾಪಸ್ ಹೋದ ಮೇಲ್, ಒಲೆಯ ಮೇಲಿನ ಗಂಜಿ

ಹಿರಿಯರಿಗೆ ಎಡೆ ಇಡುವ ಅಗೇಲಿಗೆ ಬಡಿಸಿದ ಎಲೆಗೆ ಸತ್ತವರು ಬರ್ತಾರೆ ಎಂದು ಅತ್ತೆ ಹೇಳುವಾಗ, ಕಾನ್ವೆಂಟಿನಲ್ಲಿ ಕಲಿತ ನಾನು ಮುಖ ಆಚೆ ತಿರುಗಿಸಿ ನಗುತ್ತಿದ್ದವಳು. ಈಗಲೂ ಎಲ್ಲವನ್ನೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಗುರುವಾರ ನಡೆದದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಂದರ್‌ನಲ್ಲಿ ನಮ್ಮವರದು ಮೀನು ಬಲೆಯ ಅಂಗಡಿ. ಅದರ ವೆಬ್‌ಸೈಟು, ಇಮೇಲು ನೋಡಿಕೊಳ್ಳುವುದು ಮನೆಯಲ್ಲಿರುವ ನಾನು. ಇನ್ನಷ್ಟು ಚಂದ ಕಾಣಲಿ ಎಂದು ಆ ವಾರ ಸೈಟನ್ನು ಬೇರೆ ಕಂಪನಿಗೆ ಬದಲಿಸಿ, ನಮ್ಮ ವಿಳಾಸಕ್ಕೆ ದಾರಿ ತೋರಿಸುವ ಹಳೆಯ ನೇಮ್ ಸರ್ವರ್ ತೆಗೆದು ಅವರು ಕೊಟ್ಟದ್ದನ್ನು ಹಾಕಿದ್ದೆ. ಸೈಟು ಚಂದ ಬಂತು. ಮೇಲ್ ಒಂದೂ ಬರಲಿಲ್ಲ. ಮಳೆಗಾಲ, ಬೋಟುಗಳಿಗೆ ರಜೆ, ಯಾರು ಬರೀತಾರೆ ಎಂದುಕೊಂಡೆ.

ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು, "ಗಂಜಿ ಸ್ವಲ್ಪ ಹೆಚ್ಚು ಇಡು ಮಗಾ, ಶಕ್ಕು ಬರ್ತಾಳಲ್ಲ. ಬಜಪೆ ಏರ್‌ಪೋರ್ಟಿಗೆ ಕಾರು ಕಳಿಸ್ಲಿಕ್ಕೆ ಹೇಳಿದ್ಯಾ?" ಎಂದರು. ಶಕ್ಕು ಎಂದರೆ ಮಸ್ಕತ್‌ನಲ್ಲಿರುವ ನನ್ನ ಅತ್ತಿಗೆ, ಅತ್ತೆಯ ಒಬ್ಬಳೇ ಮಗಳು. ಜಾಗ ಪಾಲಾಗುವಾಗ ತಮ್ಮನೊಡನೆ, ಅಂದರೆ ನನ್ನ ಗಂಡನೊಡನೆ, ಮಾತು ಬಿಟ್ಟು, ನಮ್ಮೆಲ್ಲರ ನಂಬರ್ ಬ್ಲಾಕ್ ಮಾಡಿದ್ದರು. ಅತ್ತೆಗೆ ಅದೇ ಕೊರಗು.

"ನಿಮಗೆ ಯಾರು ಹೇಳಿದ್ದು?"

"ನೀನೇ ಅಲ್ವಾ ಮಾರಾಯ್ತಿ, ನಿನ್ನೆ ಮೊಬೈಲ್ ನೋಡಿ ಓದಿದ್ದು? ಹಲ್ಲು ಕೀಳಿಸಿದ್ದಾಳಂತೆ, ಗಂಜಿ ಸಾಕಂತೆ."

ನಾನು ಎಂತದ್ದೂ ಓದಿರಲಿಲ್ಲ. ಮರುಳು ಶುರುವಾಯಿತೆಂದು ಗ್ರಹಿಸಿ, ಕೆಲಸದವಳ ಎದುರೇ ಗದರಿದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ನೋಡಿದರೆ, ತಾವೇ ಗಂಜಿ ಇಟ್ಟಿದ್ದರು.

ಊಟದ ಹೊತ್ತಿಗೆ ಗೇಟಿನಲ್ಲಿ ರಿಕ್ಷಾ ನಿಂತಿತು. ಇಳಿದವರು ಅತ್ತಿಗೆ. ಒಂದು ಕೆನ್ನೆ ಊದಿತ್ತು.

"ಕಾರು ಕಳಿಸದಿದ್ರೆ ಇರಲಿ. ಅಂಗಡಿಗೆ ಬರೆದ ನನ್ನ ಮೇಲನ್ನೂ ವಾಪಸ್ ಕಳಿಸಿದಿರಲ್ಲ! ತಾಯಿಮನೆಗೆ ಬರ್ಲಿಕ್ಕೆ ಮಗಳಿಗೆ ಹೇಳಿಕೆ ಬೇಡ ಅಂತ ಬಂದೆ." ಫೋನ್ ನನ್ನ ಮುಖಕ್ಕೆ ಹಿಡಿದರು. ತಲುಪಿಲ್ಲ ಎಂಬ ಇಂಗ್ಲಿಷ್ ಸಾಲಿನ ಕೆಳಗೆ ಅವರು ಬರೆದದ್ದಿತ್ತು: ಗುರುವಾರ ಬರ್ತೇನೆ, ಬಜಪೆಗೆ ಕಾರು ಕಳಿಸು, ಹಲ್ಲು ಕೀಳಿಸಿದ್ದೇನೆ, ಗಂಜಿ ಸಾಕೆಂದು ಅಮ್ಮನಿಗೆ ಹೇಳು.

ನಾಚಿಕೆಯಿಂದ ಕಂಪನಿಗೆ ಫೋನ್ ಮಾಡಿದೆ. ಮೇಲ್ ಎಲ್ಲಿಗೆ ಹೋಗಬೇಕೆಂದು ತೋರಿಸುವ ಎಂಎಕ್ಸ್ ರೆಕಾರ್ಡನ್ನು ನಾನು ಹೊಸ ಕಡೆಗೆ ತಂದೇ ಇರಲಿಲ್ಲ. ಅವರು ಹೇಳಿದಂತೆ ಹಾಕಿದೆ. ಸಂಜೆಗೆ ಮೇಲ್ ಬರತೊಡಗಿತು. ಅತ್ತಿಗೆಗೆ ವಿವರಿಸಿದೆ.

"ಮೇಲ್ ಬರ್ಲೇ ಇಲ್ಲ ಅಂತೀಯ. ಮತ್ತೆ ನೀನು ಓದಿ ಹೇಳಿದ್ದಿ ಅಂತಾರಲ್ಲ ಅಮ್ಮ?"

ಅತ್ತೆ ತಲೆ ಎತ್ತಲಿಲ್ಲ. ಸೆರಗಿನ ತುದಿ ಮತ್ತೆ ಬೆರಳಿಗೆ ಸುತ್ತತೊಡಗಿತ್ತು.

"ಹೌದು ಅತ್ತಿಗೆ, ನಾನೇ ಓದಿದ್ದು. ಕಾರಿಗೆ ಹೇಳ್ಲಿಕ್ಕೆ ಮರೆತೆ," ಎಂದುಬಿಟ್ಟೆ.

ಸುಳ್ಳುಗಾತಿಯನ್ನು ನೋಡುವಂತೆ ಅತ್ತಿಗೆ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ. ಬೆಳಿಗ್ಗೆ ಅತ್ತೆಯನ್ನು ಗದರಿದ್ದಕ್ಕೆ ಅದು ನನಗೆ ಸಲ್ಲಬೇಕಾದದ್ದೇ. ಆದರೆ ನಾನು ಹೇಳಿದ್ದು ಸುಳ್ಳೋ ನಿಜವೋ, ನನಗೇ ಗೊತ್ತಿಲ್ಲ.