ಹತ್ತಕ್ಕೆ ಎರಡು

ನಮ್ಮ ಲೆಯೋಗಾನ್ ಊರಲ್ಲಿ ಅದನ್ನು ಯಾರೂ ಭೂಕಂಪ ಎನ್ನುವುದಿಲ್ಲ. ಗುಡುಗುಡು ಎನ್ನುತ್ತೇವೆ. ನೆಲದಡಿಯಿಂದ ಬಂದ ಸದ್ದೇ ಅದಕ್ಕೆ ಹೆಸರಾಯಿತು. ಮೇಸ್ತ್ರಿ ತೆರಮೆನ್ ಮಾತ್ರ ಆ ಹೆಸರನ್ನೂ ಬಾಯಿಗೆ ತರುತ್ತಿರಲಿಲ್ಲ. "ಆವತ್ತು" ಎಂದಷ್ಟೇ ಹೇಳುತ್ತಿದ್ದರು.

ಹದಿನಾಲ್ಕನೆಯ ವಯಸ್ಸಿಗೇ ಕರಣೆ ಹಿಡಿದವರು. ಊರಿನ ಅರ್ಧ ಮನೆಗಳು ಅವರ ಕೈಯವು. ಕೆಲಸ ಮುಗಿದ ದಿನ ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ತಮ್ಮ ಹೆಸರಿನ ಮೊದಲ ಅಕ್ಷರ ಗೀಚುವುದು ಅವರ ಜಂಬ. ಗುಡುಗುಡು ಆದ ಸಂಜೆ ಶಾಲೆಯ ಛಾವಣಿ ಕುಸಿದಾಗ ಮೊದಲು ಓಡಿ ಬಂದವರೂ ಅವರೇ. ಬರಿಗೈಯಲ್ಲಿ ಮೂರು ಮಕ್ಕಳನ್ನು ಎಳೆದು ತೆಗೆದರು. ನಾಲ್ಕನೆಯ ಮಗುವಿಗೆ ಕೈ ಚಾಚಿದಾಗ ನೆಲ ಮತ್ತೆ ನಡುಗಿತು. ಅವರದೇ ಅಕ್ಷರವಿದ್ದ ಛಾವಣಿ ಅವರ ಬಲಗಾಲಿನ ಮೇಲೆ ಕೂತಿತು. ಆ ಮಗುವಿನ ಹೆಸರು ಲೂಡಿ. ಅವಳು ಉಳಿಯಲಿಲ್ಲ.

ಮೊಣಕಾಲಿನ ಕೆಳಗೆ ಕತ್ತರಿಸಿದ ಮೇಲೆ ಮೇಸ್ತ್ರಿಯನ್ನು ನಮ್ಮ ಡೇರೆ ಆಸ್ಪತ್ರೆಗೆ ತಂದರು. ಅಲ್ಲಿ ನಾನು ನರ್ಸ್. ಪ್ರತಿ ಬೆಳಿಗ್ಗೆ ಕೇಳುತ್ತಿದ್ದೆ.

"ಹೇಗಿದೀರ ಮೇಸ್ತ್ರಿ?"

"ಹದಗೆಟ್ಟಿಲ್ಲ ಕಣಮ್ಮ."

"ನೋವು ಹತ್ತಕ್ಕೆ ಎಷ್ಟು?"

"ಎರಡು."

ಹೇಗಿದ್ದೀರಿ ಎಂದರೆ ನಮ್ಮಲ್ಲಿ ಸಾಯುತ್ತಿರುವವರೂ ಹದಗೆಟ್ಟಿಲ್ಲ ಎಂದೇ ಹೇಳುತ್ತಾರೆ. ಅದು ಮರ್ಯಾದೆಯ ಮಾತು. ಇದೇ ಊರಲ್ಲಿ ಹುಟ್ಟಿದ ನನಗೆ ಅಷ್ಟಾದರೂ ಹೊಳೆಯಬೇಕಿತ್ತು. ಎರಡು ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ, ಕತ್ತೆಯ ಹಾಗೆ. ಮೂರನೆಯ ವಾರ ಹಾಸಿಗೆ ಬದಲಿಸುವಾಗ ದಿಂಬಿನಡಿ ನೋವಿನ ಮಾತ್ರೆಗಳೆಲ್ಲ ಸಿಕ್ಕವು. ಒಂದನ್ನೂ ನುಂಗಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಇನ್ನು ಹದಿನೈದು ದಿನಕ್ಕೆ ಮರಗಾಲು ಕೂರಿಸೋರು ಬರ್ತಾರೆ. ಮಾತ್ರೆ ನುಂಗದೆ, ನೋವಿಗೆ ಮೋಟುಗಾಲು ಮುಟ್ಟೋಕೇ ಬಿಡಲ್ಲ ಅಂದ್ರೆ ಅಳತೆ ಹೇಗ್ ತಗೋತಾರೆ? ಜೀವಮಾನ ಪೂರ್ತಿ ಈ ಮಂಚಾನೇ ಗತಿ!" ಎಂದು ಕೂಗಾಡಿದೆ. ಅವರು ಡೇರೆಯ ಬಟ್ಟೆಯತ್ತ ಮುಖ ತಿರುಗಿಸಿದರು.

ನನ್ನ ಕೂಗಿಗೆ ಬಂದವರು ಇತನಿ ದೊಡ್ಡಮ್ಮ. ಹರಳೆಣ್ಣೆಯ ಶೀಶೆ ಹಿಡಿದು ಮಂಚದಿಂದ ಮಂಚಕ್ಕೆ ಹೋಗಿ ಗಾಯಾಳುಗಳ ಮೈ ನೀವುವುದು ಅವರ ಕೆಲಸ. ಮಾತ್ರೆಗೂ ಬಗ್ಗದ ನೋವು ಅವರ ಕೈಗೆ ಬಗ್ಗುತ್ತಿತ್ತು. ಈ ಒಂದು ಮಂಚವನ್ನು ಮಾತ್ರ ದಾಟಿ ಹೋಗುತ್ತಿದ್ದರು. ಲೂಡಿ ಅವರ ಮೊಮ್ಮಗಳು.

ಅಂದು ಅಲ್ಲೇ ಕೂತರು.

"ಎಲ್ಲಿ ನೋವು?"

"ಎಲ್ಲೂ ಇಲ್ಲ."

"ನೀನು ಹಲ್ಲು ಕಡಿಯೋದು ಆಚೆ ಡೇರೆಗೂ ಕೇಳ್ಸುತ್ತೆ ಮಾರಾಯ."

ಮೇಸ್ತ್ರಿ ಈ ಕಡೆ ತಿರುಗಿದರು. "ದೊಡ್ಡಮ್ಮ, ಆ ಛಾವಣಿ ಹಾಕಿದ್ದು ನಾನು. ಸಮುದ್ರದ ಮರಳು ತಂದು ಸುರಿದ್ರು. ಅದರ ಉಪ್ಪು ಒಳಗಿನ ಕಂಬೀನೇ ತಿನ್ನುತ್ತೆ, ಬೇಡ ಅನ್ನಬೇಕಿತ್ತು. ಅನ್ಲಿಲ್ಲ."

"ಗೊತ್ತು."

"ಮತ್ತೆ ನನಗ್ಯಾಕೆ ಮಾತ್ರೆ?"

ದೊಡ್ಡಮ್ಮ ಶೀಶೆಯ ಬಿರಡೆ ತೆಗೆದರು. "ನೀನು ನೋವು ತಿಂದ್ರೆ ಲೂಡಿ ಎದ್ದು ಬರ್ತಾಳಾ? ಬರೋ ಹಾಗಿದ್ರೆ ಹೇಳು, ಇನ್ನೊಂದು ಕಾಲು ನಾನೇ ಮುರೀತೀನಿ."

ಮೂರು ವಾರದ ಅಳು ಒಟ್ಟಿಗೆ ಬಂತು ಮೇಸ್ತ್ರಿಗೆ. ಅತ್ತು ಮುಗಿಸಿ, ಹಾಸಿಗೆಯ ಖಾಲಿ ಜಾಗ ತೋರಿಸಿದರು. "ಇಲ್ಲಿ. ಹೋದ ಪಾದಾನೇ ನೋಯುತ್ತೆ. ಬೆರಳೆಲ್ಲ ಮಡಚ್ಕೊಂಡಿವೆ, ಬಿಡಿಸೋಕಾಗ್ತಿಲ್ಲ."

ಇಲ್ಲದ ಕಾಲೂ ನೋಯುತ್ತದೆ ಎಂದು ನಾನು ತರಬೇತಿಯಲ್ಲಿ ಓದಿದ್ದೆ. ದೊಡ್ಡಮ್ಮ ಏನೂ ಓದಿದವರಲ್ಲ. ಮೊದಲು ಮೋಟುಗಾಲನ್ನು ನೀವಿದರು. ಆಮೇಲೆ ಅದೇ ಎಣ್ಣೆಗೈಯನ್ನು ಬರೀ ಹಾಸಿಗೆಯ ಮೇಲೆ ಇಳಿಸಿ, ಒಂದೊಂದೇ ಬೆರಳು ಬಿಡಿಸುತ್ತ ಹೋದರು.

"ಬಿಡ್ತಾ?"

"ಹ್ಞೂಂ."

"ಇದು?"

"ಬಿಡ್ತು."

ಕಿರುಬೆರಳಿಗೆ ಬಂದಾಗ ಅವರ ಕೈ ನಿಂತಿತು. "ಲೂಡಿದು ಇಷ್ಟೇ ಇಷ್ಟಿತ್ತು" ಎಂದರು. ನಾನು ಆಚೆ ಹೋಗಿ ನಿಂತೆ. ನೋಡಲಾಗಲಿಲ್ಲ.

ಮರುದಿನ ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಮೇಸ್ತ್ರಿ "ಒಂಬತ್ತು" ಎಂದು ಮಾತ್ರೆಗೆ ಕೈ ಚಾಚಿದರು. ರೋಗಿ ಒಂಬತ್ತು ಎಂದಾಗ ಖುಷಿಪಟ್ಟ ನರ್ಸ್ ನಾನೊಬ್ಬಳೇ ಇರಬೇಕು. ಅಳತೆಗೆ ಕಾಲು ಕೊಟ್ಟರು, ಮರಗಾಲು ಬಂತು, ನಡೆದರು. ಕರಣೆಯನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ಡೇರೆಗಳನ್ನು ಬಿಚ್ಚಿದ ದಿನ ಇತನಿ ದೊಡ್ಡಮ್ಮ ಖಾಲಿ ಶೀಶೆ ತೊಳೆಯುತ್ತಿದ್ದರು. ಅಷ್ಟು ತಿಂಗಳಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ದೊಡ್ಡಮ್ಮ, ನೀವು ಹೇಗಿದೀರ?"

ಲಂಗಕ್ಕೆ ಕೈ ಒರೆಸಿಕೊಂಡು ನಕ್ಕರು.

"ಹದಗೆಟ್ಟಿಲ್ಲ ಕಣೇ" ಎಂದರು.