ಇನ್ನೂರ ನಲವತ್ತು ದಿನ

ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ, ಅಂಬಣ್ಣ. ಕೆಟ್ಟವರಲ್ಲ, ಹೆದರುಪುಕ್ಕಲರು ಅಷ್ಟೇ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಎಂಟು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ತೂಗಿದರು. ಅಲ್ಲಿ ತಕ್ಕಡಿ ಸಮ ನಿಂತರೆ ಗಿರಾಕಿ ಒಪ್ಪುವುದಿಲ್ಲ. ಮಾಲಿನ ತಟ್ಟೆ ತುಸು ಕೆಳಗೆ ಜಗ್ಗಬೇಕು. ಸಮ ಎಂದರೆ ಕಡಿಮೆ ಎಂದೇ ಅರ್ಥ.

ಆಮೇಲೆ ಭೋಸರಿಯ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತು. ಕೊಡಿಸಿದವರು ನಮ್ಮೂರಿನ ಗೂಳಪ್ಪ ಕಾಕಾ, ಅಲ್ಲೇ ಕಬ್ಬಿಣ ಕಾಯಿಸುವ ಭಟ್ಟಿಯ ಮುಂದೆ ದಿನಗೂಲಿ ಮಾಡುತ್ತಿದ್ದವರು. ತೊಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು. ಕಲಿತವರಿಗೆ ಆಫೀಸಿನಲ್ಲಿ ಕುರ್ಚಿ ಎಂದರು. ಇವರು ಪ್ರತಿ ರವಿವಾರ ಕೋಥರೂಡಿನ ಕಂಪ್ಯೂಟರ್ ಕ್ಲಾಸಿಗೆ ಹೋದರು. ಅಲ್ಲಿ ಮಾಯಾ ಮೇಡಂ ಹೇಳಿಕೊಟ್ಟ ಮೊದಲ ಪ್ರೋಗ್ರಾಂ, ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳುವುದು. 'ಇಫ್' ಎಂದು ಕೇಳಬೇಕು. ಹೌದಾದರೆ ಒಂದು ದಾರಿ, ಅಲ್ಲದಿದ್ದರೆ 'ಎಲ್ಸ್', ಇನ್ನೊಂದು ದಾರಿ. ರೊಟ್ಟಿ ಬಡಿಯುವ ನನಗೂ ಬಾಯಿಪಾಠವಾಗುವಷ್ಟು ಅದನ್ನೇ ಗುನುಗಿದರು.

ಕಾರ್ಖಾನೆಯ ಒಪ್ಪಂದದಂತೆ ವರ್ಷಕ್ಕೆ ಇನ್ನೂರ ನಲವತ್ತು ದಿನ ತುಂಬಿಸಿದವರು ಕಾಯಂ. ಯಾರೂ ತುಂಬಿಸಬಾರದೆಂದು ಇನ್ನೂರ ಮೂವತ್ತಕ್ಕೇ 'ಬ್ರೇಕ್' ಎಂದು ಮನೆಗೆ ಕಳಿಸುವ ಪದ್ಧತಿ ಇತ್ತು. ಎಂಥ ಕಳ್ಳಬುದ್ಧಿ! ತೊಂಬತ್ತೊಂಬತ್ತರಲ್ಲಿ ಆರ್ಡರ್ ಜಾಸ್ತಿಯಾಗಿ ಕೆಲವರಿಗೆ ಬ್ರೇಕ್ ತಪ್ಪಿತು. ಹನ್ನೊಂದು ವರ್ಷ ದುಡಿದ ಗೂಳಪ್ಪ ಕಾಕಾ ಮೊದಲ ಸಲ ಇನ್ನೂರ ನಲವತ್ತು ಮುಟ್ಟಿದರು. ಪಟ್ಟಿ ತೆಗೆಯುವ ಪ್ರೋಗ್ರಾಂ ಬರೆದವರು ನಮ್ಮವರೇ: ದಿನಗಳು ಇನ್ನೂರ ನಲವತ್ತಕ್ಕಿಂತ ಹೆಚ್ಚಿದ್ದರೆ ಕಾಯಂ, ಇಲ್ಲದಿದ್ದರೆ ಕೆಲಸದಿಂದ ಬಿಡುಗಡೆ. ಸರಿಯಾಗಿ ಇನ್ನೂರ ನಲವತ್ತು ಇದ್ದವರ ಗತಿ ಏನೆಂದು ತಕ್ಕಡಿಗೆ ಒಗ್ಗಿದ ಆ ತಲೆಗೆ ಹೊಳೆಯಲೇ ಇಲ್ಲ. ಸಾಹೇಬರ ಸಹಿ ಬಿತ್ತು. ಕಾಕಾ ಹೊರಬಿದ್ದರು.

ಸಂಜೆ ಮನೆಗೆ ಬಂದು ಪ್ರೋಗ್ರಾಂ ಬರೆದ ನೋಟ್‌ಬುಕ್ ತೆರೆದಾಗ ಇವರಿಗೆ ತಪ್ಪು ಕಂಡಿತು. ಪುಸ್ತಕ ನನ್ನ ಮುಂದೆ ಹಿಡಿದರು.

"ನಾಳೆ ಸಾಹೇಬರಿಗೆ ಹೇಳಿಬಿಡ್ತೀನಿ."

"ಹೇಳಿದ್ರ ನಿಮ್ಮನ್ನೂ ಗೇಟಿನ ಹೊರಗ ಹಾಕ್ತಾರ. ಎರಡು ಹೆಣ್ಣಮಕ್ಕಳ ಸಾಲಿ ಅದ. ಸುಮ್ಮ ಕೂಡ್ರಿ," ಎಂದೆ. ಆ ಪಾಪ ನನ್ನದು.

ರವಿವಾರ ಬೆಳಿಗ್ಗೆ ಗೂಳಪ್ಪ ಕಾಕಾ ಬಂದರು. ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಅಂಬಣ್ಣಾ, ಕ್ಯಾಲೆಂಡರಿನ್ಯಾಗ ಗೀಟ ಹಾಕಿ ಎಣಿಸೀನಿ. ಬರೋಬರಿ ಇನ್ನೂರ ನಲವತ್ತ ಆಗ್ತಾವ. ಆದ್ರ ಕಂಪ್ಯೂಟರ್ ತಪ್ಪಂಗಿಲ್ಲಲ್ಲ? ನಾ ಯಾವ ದಿನ ಬಿಟ್ಟೀನಿ, ಅಷ್ಟ ಹೇಳೋ."

ಇವರು ನನ್ನ ಮುಖ ನೋಡಿದರು. ನಾನು ಒಲೆಯ ಮೇಲಿನ ಚಹಾ ನೋಡಿದೆ.

"ಮಾರ್ಚಿನಾಗ ಒಂದ ದಿನ, ಕಾಕಾ," ಎಂದರು, ಬಾಯಿಗೆ ಬಂದದ್ದು.

ಕಾಕಾ ಬೆರಳು ಮಡಚುತ್ತ ಮಾರ್ಚಿನ ದಿನಗಳನ್ನು ಎಣಿಸಿದರು.

"ಹೋಳಿ ಮುಗಿದ ಮ್ಯಾಲೆ ಒಂದಿನ ಭಾಳ ಜ್ವರ ಬಂದಿತ್ತು. ಮನಿಯಾಕಿ ಬ್ಯಾಡ ಅಂದ್ರೂ ಎದ್ದು ಹೋಗಿದ್ದೆ. ಭಟ್ಟಿ ಮುಂದ ನಿಂತದ್ದು, ಕೈ ನಡುಗಿದ್ದು, ಎಲ್ಲಾ ನೆನಪದ..." ಅವರ ದನಿ ಇಳಿಯಿತು. "ಹೋಗಿರಂಗಿಲ್ಲ ಬಿಡು. ಜ್ವರದಾಗ ಹಂಗ ಅನಿಸಿರಬೇಕ."