ಕಿಟಕಿಯ ಮೇಲಿನ ತಟ್ಟೆ

ನಾನು ನಿಂತಿದ್ದದ್ದು ಊಟಿಯಿಂದ ಎಮರಾಲ್ಡಿಗೆ ಹೋಗುವ ರಸ್ತೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ, ಜೀವಕೋಶ ಬೆಳೆಸುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು. ಕಳೆದ ಜನವರಿಯ ಒಂದು ಬೆಳಿಗ್ಗೆ, ಹುಲ್ಲಿನ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ತಟ್ಟೆ ಇತ್ತು. ಅದರಲ್ಲಿ ಒಂದು ಎಮ್ಮೆಯ ಕಿವಿಯ ಚೂರು. ಎಮ್ಮೆ ಹಿಂದಿನ ದಿನ ಸತ್ತಿತ್ತು. ಅದನ್ನು ಸಾಕಿದ, ನೀಲಗಿರಿಯ ಬಡಗ ಸಮುದಾಯದ ಅಜ್ಜಿಯ ಮನೆಯಲ್ಲಿ ತಲೆತಲಾಂತರದಿಂದ ಬಂದ ತಳಿಯಲ್ಲಿ ಅದೇ ಕೊನೆಯದು. ಎಮ್ಮೆಯನ್ನು ಇಡಿಯಾಗಿ ಹೂಳುವವರು ಅವರು. ಆದರೂ ಕೋಶಗಳನ್ನು ಉಳಿಸಿಡುತ್ತೇವೆ ಎಂದು ನಮ್ಮ ನಿರ್ದೇಶಕರು ಮಾತು ಕೊಟ್ಟದ್ದಕ್ಕೆ ಅಜ್ಜಿ ಕಿವಿ ಕತ್ತರಿಸಲು ಬಿಟ್ಟಿದ್ದರು.

ಚರ್ಮದಿಂದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಬೇಕು. ಪ್ರೋಟೀನನ್ನು ಕತ್ತರಿಸುವ ಕಿಣ್ವ ಅದು. ಚಳಿಯಲ್ಲಿ ಅದು ಮೆಲ್ಲಗೆ ಒಳಗಿಳಿಯುತ್ತದೆ, ಬೆಚ್ಚಗಾದೊಡನೆ ಚುರುಕಾಗುತ್ತದೆ. ಆಗ ಅದನ್ನು ತಡೆಯುವ ಪ್ರತಿಬಂಧಕವನ್ನು ಬೇಗ ಬೆರೆಸಬೇಕು. ಇಲ್ಲದಿದ್ದರೆ ಅದು ಕೋಶಗಳನ್ನೇ ತಿನ್ನುತ್ತದೆ. ಸೋಯಾ ಕಾಳಿನಿಂದ ತೆಗೆದ ಪ್ರತಿಬಂಧಕ ನನ್ನ ಕೈಯಲ್ಲೇ ಇತ್ತು. ಕರೆಂಟು ನಂಬುವಂತಿಲ್ಲದ ನಮ್ಮಲ್ಲಿ ಜನವರಿಯ ರಾತ್ರಿಗಳಲ್ಲಿ ಕಿಟಕಿಯ ಕಟ್ಟೆಯೇ ಫ್ರಿಜ್ಜು. ಎಲ್ಲರೂ ಹಾಗೇ ಮಾಡುತ್ತಿದ್ದೆವು; ಕಿವಿಯ ಚೂರನ್ನು ಟ್ರಿಪ್ಸಿನ್ನಿನಲ್ಲಿ ನೆನೆಹಾಕಿ ನಾನೂ ಹಿಂದಿನ ರಾತ್ರಿ ಅಲ್ಲಿಟ್ಟಿದ್ದೆ.

ಅಜ್ಜಿಯೂ ಪತ್ರಿಕೆಯ ಫೋಟೋದವರೂ ಬರುತ್ತಾರೆಂದು ನಿರ್ದೇಶಕರು ಬೆಳಿಗ್ಗೆಯೇ ಹೀಟರ್ ಹಚ್ಚಿ, ಅದೇ ಕಿಟಕಿಯ ಕೆಳಗೆ ಇಟ್ಟಿದ್ದರು.

"ಸಾರ್, ತಟ್ಟೆ ಬಿಸಿಯಾಗಿದೆ. ಈಗಲೇ ಹಾಕಿಬಿಡ್ತೀನಿ."

"ಇರಯ್ಯಾ. ಫೋಟೋದವರು ಬರಲಿ. ಅವರ ಎದುರಿಗೇ ಹಾಕೋಣ, ಚೆನ್ನಾಗಿರುತ್ತೆ."

ಫೋಟೋದವರು ಗೂಡಲೂರು ಕಡೆಯಿಂದ ಬರುವವರು, ಘಾಟಿಯಲ್ಲಿ ತಡವಾಯಿತು. ಮತ್ತೆ ಕೇಳಿದೆ. ನಿರ್ದೇಶಕರು ಪ್ರತಿಬಂಧಕದ ಬಾಟಲಿಯನ್ನೇ ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಕೊನೆಗೆ ಅವರು ಪಿಪೆಟ್ ಅದ್ದಿ ಎತ್ತಿದಾಗ ಅದರ ತುದಿಯಿಂದ ಬೂದು ಬಣ್ಣದ ಲೋಳೆ ಎಳೆ ಎಳೆಯಾಗಿ ಜೋತುಬಿತ್ತು. ಕಡಿಯಲಿಲ್ಲ. ಒಡೆದ ಕೋಶಗಳ ಒಳಗಿನದೆಲ್ಲ ಹೊರಗೆ ಬಂದು ಹಾಗಾಗುತ್ತದೆ. ಗಾಜು ತೊಳೆಯುವ ಹೆಂಗಸು, ಗೂಡಲೂರಿನವಳು, ಬಗ್ಗಿ ನೋಡಿದಳು.

"ಛೀ! ಎಂತಾ ಸಾರೇ ಇದು? ಯಾರ ಸಿಂಬಳ ಹಿಡಿದಿಟ್ಟಿದ್ದೀರಿ?"

ಹೊರಗೆ ಜೀಪಿನ ಸದ್ದಾಯಿತು. ನಿರ್ದೇಶಕರು ತಟ್ಟೆಯನ್ನು ಸಿಂಕಿನೊಳಗೆ ಸರಿಸಿದರು. ಇನ್‌ಕ್ಯುಬೇಟರ್ ತೆರೆದು, ಲಸಿಕೆ ಪರೀಕ್ಷೆಗೆಂದು ಬೆಳೆಸಿದ್ದ ಕೋತಿಯ ಮೂತ್ರಪಿಂಡದ ಕೋಶಗಳ ಸೀಸೆಯನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟರು.

ಅಜ್ಜಿ ಬಿಳಿ ಮುಂಡು ಎತ್ತಿಕಟ್ಟಿಕೊಂಡು, ಫೋಟೋದವರ ಜೊತೆ ಒಳಗೆ ಬಂದರು. ನಿರ್ದೇಶಕರು ಅವರನ್ನು ಬಡಗರ ಮಾತಿನಲ್ಲೇ ಹೆತ್ತೆ, ಅಂದರೆ ಅಜ್ಜಿ, ಎಂದು ಕರೆದರು.

"ನೋಡಿ ಹೆತ್ತೆ, ನಿಮ್ಮ ಎಮ್ಮೆ. ಜೀವಂತ ಇದೆ."

ಅಜ್ಜಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ನಂಗ ಎಮ್ಮೆಯ? ಕೊಂಬು ಎಲ್ಲಿ?" ನಮ್ಮ ಎಮ್ಮೆಯಾ ಎಂದು ಅವರು ಕೇಳಿದ್ದು.

ಫೋಟೋದವರು ನಕ್ಕರು. ಅಜ್ಜಿ ನಗಲಿಲ್ಲ. ಅವರ ಹಟ್ಟಿಯಲ್ಲಿ ಕಿರಿಯರು ತಲೆ ಬಾಗಿಸುತ್ತಾರೆ, ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅಜ್ಜಿ ಹಾಗೆಯೇ ಸೂಕ್ಷ್ಮದರ್ಶಕದ ನೆತ್ತಿಯ ಮೇಲೆ ಬಲ ಅಂಗೈ ಇಟ್ಟು ಏನೋ ಮೆಲ್ಲಗೆ ಹೇಳಿದರು. ನಿರ್ದೇಶಕರು ಪಕ್ಕದಲ್ಲೇ ತಲೆ ಬಾಗಿಸಿದರು, ಕ್ಯಾಮೆರಾದ ಕಡೆಗೆ ಮುಖ ತಿರುಗಿಸಿಕೊಂಡು. ಅಜ್ಜಿ ಆ ತಲೆಯ ಮೇಲೂ ಅದೇ ಕೈ ಇಟ್ಟರು.

ಎಲ್ಲರೂ ಹೋದ ಮೇಲೆ ಸಿಂಕನ್ನು ನಾನೇ ತೊಳೆದೆ. ಲೋಳೆ ಜಾಲರಿಗೆ ಅಂಟಿಕೊಂಡಿತ್ತು. ಬೆರಳಿನಿಂದ ಎಳೆಯಬೇಕಾಯಿತು.

ಮರುದಿನ ಅಜ್ಜಿಯ ಹಟ್ಟಿಗೆ ಹೋಗಿ ಎಲ್ಲ ಹೇಳಿದೆ. ಬೇಲಿಯ ಪಕ್ಕ ಬಟಾಣಿ ಬಿಡಿಸುತ್ತಿದ್ದ ಅವರು ತಮ್ಮ ಬಲ ಅಂಗೈಯನ್ನು ನೋಡಿಕೊಂಡರು.

"ಕೋತಿಯ?"

"ಹೌದು ಹೆತ್ತೆ."

"ನಂಗ ಎಮ್ಮೆ?"

"ಉಳಿಯಲಿಲ್ಲ. ಒಂದು ಕೋಶವೂ ಉಳಿಯಲಿಲ್ಲ."

ಅವರು ಕೈಯನ್ನು ಮುಂಡಿಗೆ ಒರೆಸಿದರು, ಮತ್ತೆ ಒರೆಸಿದರು. "ಕೋತಿಗ ಕೊಟ್ಟ ಆಶೀರ್ವಾದ ಇರಲಿ, ಪಾಪ, ಅದಕ್ಕೂ ಜೀವ ಇದೆ. ತಲೆ ಬಾಗಿಸಿದ ಆ ಅವಂಗ ಕೊಟ್ಟದ ಎತ್ತಿಕೊಳ್ಳುವದು ಹೇಗೆ, ಸಾಮಿ?"

ನಾನು ಬಟಾಣಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬಿಡಿಸತೊಡಗಿದೆ.

ಇದು ಗೊತ್ತಿರುವವರು ನನ್ನ ಹೊರತು ಮೂವರು. ನಿರ್ದೇಶಕರು, ಗೋಡೆಗೆ ಆ ಫೋಟೋ ಹಾಕಿಸಿಕೊಂಡಿದ್ದಾರೆ. ಗಾಜು ತೊಳೆಯುವ ಹೆಂಗಸು, ಆ ಸಿಂಕಿನಲ್ಲಿ ಈಗ ಕೈ ತೊಳೆಯುವುದಿಲ್ಲ. ಮತ್ತು ಅಜ್ಜಿ, ಈಗ ಯಾರನ್ನು ಹರಸುವಾಗಲೂ ಬಲಗೈ ಬಿಟ್ಟು ಎಡಗೈ ಮುಂದೆ ಮಾಡುತ್ತಾರೆ. ಮೂವರೂ ಬದುಕಿದ್ದಾರೆ.